ಎಣ್ಣೆ ಓಡುವ ಮೂಲೆ

ಅಕ್ಕನ ಕೋಣೆಯ ಬಾಗಿಲು ನಾನು ನೋಡಲು ಹೋದಾಗಲೆಲ್ಲ ಸಲೀಸಾಗಿ ಮುಚ್ಚಿಕೊಳ್ಳುತ್ತಿತ್ತು. ನಾನಿಲ್ಲದಾಗ, ಯಾವುದೋ ಊರಿನ ಮದುವೆ ಮನೆಯ ಮುಂದೆ, ಅದೇ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ನಿಂತುಬಿಡುತ್ತಿತ್ತಂತೆ. ಜ್ವರ ಬಂದ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದರೆ ಅಲ್ಲಿ ಅದರ ಮೈ ತಣ್ಣಗಾಗಿ, ಡಾಕ್ಟರು ತಾಯಿಯನ್ನೇ ಅನುಮಾನದಿಂದ ನೋಡುತ್ತಾರಲ್ಲ, ಅಕ್ಕನ ಪಾಡು ಹಾಗಾಗಿತ್ತು. ಅನುಮಾನದಿಂದ ನೋಡುತ್ತಿದ್ದವಳು ನಾನು.

"ನಾನೇನು ಸುಳ್ ಹೇಳ್ತೀನಾ? ನೀನು ಬಂದ್ರೆ ಮುಚ್ಕೊತದೆ, ನೀನು ಹೋದ್ರೆ ಬಾಯಿ ಬಿಟ್ಕೊಂಡು ನಿಂತ್ಕೊತದೆ. ಅದ್ಕೂ ನಿನ್ನ ಕಂಡ್ರೆ ಭಯ ಕಣೆ," ಎಂದು ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

ಭಯಪಡುವಂಥದ್ದು ನನ್ನಲ್ಲಿ ಸ್ವಲ್ಪ ಇದೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಮೂಕಂಡಪಲ್ಲಿಯ ಒಂದು ಟ್ರೇಲರ್ ಕಾರ್ಖಾನೆಯಲ್ಲಿ ಬೆಸುಗೆ ತಪಾಸಣೆ ಮಾಡುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಕೊಡುತ್ತಾರೆ. ಹಾಗಾಗಿ ಮನೆಗೆ ಬಂದ ಮೇಲೂ ಆ ಕಣ್ಣನ್ನು ಕಳಚಿಡಲು ಆಗುವುದಿಲ್ಲ. ನನ್ನ ಮುಂದೆ ಮುದ್ದೆ ಕಟ್ಟುವಾಗಲೂ ಅಕ್ಕ, "ನೋಡಪ್ಪ, ಗುಂಡಗೈತಾ? ಪಾಸಾ, ಫೇಲಾ?" ಎಂದು ಕೇಳುತ್ತಾಳೆ.

ಅಕ್ಕನ ಕೋಣೆ ಇರುವುದು ಮನೆಯಲ್ಲಲ್ಲ, ಗಾಡಿಯಲ್ಲಿ. ಅಕ್ಕ ಮತ್ತು ಭಾವ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತಾರೆ. ಮೊದಲೆಲ್ಲ ಪಾತ್ರೆ ಪಡಗ ಹೇರಿಕೊಂಡು ಹೋಗಿ ಯಾರದೋ ಹಿತ್ತಲಿನಲ್ಲಿ ಕಲ್ಲಿನ ಒಲೆ ಹೂಡುತ್ತಿದ್ದರು. ಆಮೇಲೆ ಭಾವ ಎಲ್ಲಿಂದಲೋ ಒಂದು ಹಳೆಯ ಟ್ರೇಲರ್ ಎಳೆದುಕೊಂಡು ಬಂದರು. ಅದು ಸಿನಿಮಾ ಚಿತ್ರೀಕರಣದಲ್ಲಿ ನಟನಟಿಯರು ವಿಶ್ರಾಂತಿ ತೆಗೆದುಕೊಳ್ಳಲು ಮಾಡಿಸಿದ್ದ ಗಾಡಿಯಂತೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಅದರ ಮುಂಭಾಗ ಭಾವನ ಪುಟ್ಟ ಲಾರಿಯ ಬೆನ್ನ ಮೇಲೆ ಕೂರುತ್ತದೆ. ಲಾರಿಯ ಬೆನ್ನಿಗೆ ಗ್ರೀಸ್ ಬಳಿದ ದುಂಡನೆಯ ಒಂದು ದಪ್ಪ ಕಬ್ಬಿಣದ ತಟ್ಟೆ ಕೂರಿಸಿದ್ದಾರೆ, ಟ್ರೇಲರಿನ ಅಡಿಯ ಗೂಟ ಅದರೊಳಗೆ ಇಳಿದು ಬೀಗ ಬೀಳುತ್ತದೆ. ಆ ತಟ್ಟೆಗೆ ಐದನೆಯ ಚಕ್ರ ಎಂದು ಹೆಸರು. ಅದು ಉರುಳುವುದೂ ಇಲ್ಲ, ನೆಲ ಮುಟ್ಟುವುದೂ ಇಲ್ಲ. ಭಾವ ಅದನ್ನು ಮನೆ ಅಳಿಯ ಎಂದು ಕರೆಯುತ್ತಾರೆ. ತಾವೇ ಮನೆ ಅಳಿಯರಾದ್ದರಿಂದ ಅವರಿಗೆ ಹಾಗೆ ಕರೆಯುವ ಹಕ್ಕಿದೆ.

ಲಾರಿಯ ಮೇಲೆ ಕೂರಬೇಕಾದ್ದರಿಂದ ಟ್ರೇಲರಿನ ಮುಂಭಾಗ ಎತ್ತರದಲ್ಲಿದೆ. ಹಿಂಭಾಗದಲ್ಲಿ ತಗ್ಗಾದ ಉದ್ದನೆಯ ಪೆಟ್ಟಿಗೆ, ಅದೇ ಅಡುಗೆಮನೆ. ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಮುಂದಕ್ಕೆ ಚಾಚಿಕೊಂಡ ಸಣ್ಣ ಕೋಣೆ. ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಎರಡರ ನಡುವೆ ಕತ್ತಿನಂತೆ ಮೇಲಕ್ಕೆ ಬಾಗುತ್ತದೆ. ಅಕ್ಕ ಆ ಕೋಣೆಯನ್ನು ಅಟ್ಟ ಎನ್ನುತ್ತಾಳೆ. ಅಡುಗೆಮನೆಯನ್ನು ಹೊಸೂರಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಹೊಸದಾಗಿ ಮಾಡಿಸಿ, ನಾಲ್ಕು ಕಾಲಿನ ದೊಡ್ಡ ದೋಸೆ ಕಾವಲಿಯನ್ನೂ ಅಲ್ಲೇ ಕೂರಿಸಿಕೊಂಡರು. ಅಟ್ಟವನ್ನು ಮಾತ್ರ ಅಕ್ಕ ಮುಟ್ಟಲು ಬಿಡಲಿಲ್ಲ. ಒಂದು ಹಾಸಿಗೆ, ಅಂಗೈಯಗಲದ ಕಿಟಕಿ, ಸುತ್ತ ಬಲ್ಬು ಕೂರಿಸಿದ ದೊಡ್ಡ ಕನ್ನಡಿ. ಯಾವ ನಟಿ ಅದರಲ್ಲಿ ಮುಖ ನೋಡಿಕೊಂಡಿದ್ದಳೋ, ಈಗ ಅದರ ಮುಂದೆ ಅಕ್ಕ ಕೂತು ಕಣ್ಣಿಗೆ ಹಾರಿದ ಒಗ್ಗರಣೆಯ ಸಾಸಿವೆಯನ್ನು ಹುಡುಕುತ್ತಾಳೆ.

ಆ ಕೋಣೆ ಅವಳಿಗೆ ಯಾಕೆ ಬೇಕಿತ್ತು ಎನ್ನುವುದು ನನಗೆ ಗೊತ್ತಿತ್ತು, ಅವಳು ಯಾವತ್ತೂ ಬಾಯಿಬಿಟ್ಟು ಹೇಳದಿದ್ದರೂ. ತಳಿ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಇದ್ದದ್ದು ಒಂದು ನಡುಮನೆ. ಸಂತೆಗೆ ಹೋಗುವ ಚೆಂಡುಹೂವಿನ ಮಂಕರಿಗಳ ಪಕ್ಕ ನಾವಿಬ್ಬರೂ ಮಲಗುತ್ತಿದ್ದೆವು. ಅಕ್ಕನಿಗೆ ಮದುವೆಯಾಯಿತು, ಭಾವ ನಮ್ಮ ಮನೆಗೇ ಬಂದರು, ನಡುಮನೆಗೆ ಒಂದು ಸೀರೆಯ ಪರದೆ ಬಂತು. ಆಮೇಲೆ ಮೂಕಂಡಪಲ್ಲಿಯ ಸಾಲುಮನೆಗೆ ಬಂದೆವು, ಅಲ್ಲಿಯೂ ಒಂದೇ ಕೋಣೆ, ಅದರೊಳಗೆ ಅವಳು, ಭಾವ, ಮಕ್ಕಳು, ನಾನು. ಇದನ್ನು ಕಷ್ಟ ಎಂದು ಹೇಳುತ್ತಿಲ್ಲ. ನಗುವಿಗೇನೂ ಕೊರತೆ ಇರಲಿಲ್ಲ. ಆದರೆ ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬಳೇ ಕಾಲು ಚಾಚುವ ಜಾಗ ಅಕ್ಕನಿಗೆ ಎಂದೂ ಸಿಕ್ಕಿರಲಿಲ್ಲ. ಗಾಡಿ ಬಂದ ಮೇಲೆ ಸಿಕ್ಕಿತು. ಮದುವೆಯ ಊಟದ ಕೊನೆಯ ಪಂಕ್ತಿ ಎದ್ದ ಮೇಲೆ ಅವಳು ಮೂರು ಮೆಟ್ಟಿಲು ಹತ್ತಿ, ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದಳು.

ಈಗ ಆ ಬಾಗಿಲೇ ಕೈ ಕೊಟ್ಟಿತ್ತು. ಬಾಗಿಲೊಂದೇ ಆಗಿದ್ದರೆ ಬಡಗಿ ಬಂದು ಉಜ್ಜಿಕೊಟ್ಟು ಹೋಗುತ್ತಿದ್ದ. ಒಂದು ಭಾನುವಾರ ನಾನು ಹಳೆಯ ನೈಟಿ ಹಾಕಿಕೊಂಡು ಗಾಡಿಯ ಕೆಳಗೆ ತೂರಿದೆ. ಎಡಗಡೆಯ ಕತ್ತಿನ ಮೂಲೆಯಲ್ಲಿ, ಬಾಡಿ ಚಾಸಿಯ ಮೇಲೆ ಕೂರುವ ಸಂದಿಗೆ ತುಂಬಿದ್ದ ಅಂಟು ಹರಿದಿತ್ತು. ಅಲ್ಲಿ ತಗಡನ್ನು ಹಿಡಿದಿಟ್ಟ ರಿವೆಟ್ಟು ಮೊಳೆಗಳ ಸುತ್ತ ಕಣ್ಣಿಗೆ ಕಾಡಿಗೆ ತೀಡಿದಂತೆ ಕಪ್ಪು ಇಳಿದಿತ್ತು. ತಗಡು ಅಲುಗಾಡಿ ಅಲುಗಾಡಿ ತನ್ನನ್ನೇ ತೇಯ್ದುಕೊಂಡರೆ ಹೀಗೆ ಕಪ್ಪು ಬರುತ್ತದೆ. ಬಾಡಿಯನ್ನು ಚಾಸಿಗೆ ಹಿಡಿದಿಡುವ ಒಂದು ಪಟ್ಟಿಯ ಬೆಸುಗೆಯಲ್ಲಿ ಕೂದಲಿನಂಥ ಬಿರುಕು. ಅಂದರೆ ಕೆಳಗಿನ ಚಾಸಿ ಎಲ್ಲೋ ತಿರುಚಿಕೊಳ್ಳುತ್ತಿದೆ, ಮೇಲಿನ ಬಾಡಿ ಅದರಿಂದ ಬಿಟ್ಟುಕೊಳ್ಳಲು ಶುರು ಮಾಡಿದೆ. ಆದರೆ ಗಾಡಿ ನಿಂತಿದ್ದ ಸಮತಟ್ಟು ಕಾಂಕ್ರೀಟಿನ ಮೇಲೆ ಸಂದಿ ಮುಚ್ಚಿಕೊಂಡು ಸಾಧುವಿನಂತೆ ಇತ್ತು. ಎಷ್ಟು ಕುಲುಕಿದರೂ ಎಳ್ಳಷ್ಟೂ ಬಿಡಲಿಲ್ಲ.

ಬಾಡಿ ಶೆಡ್ಡಿನ ಮೇಸ್ತ್ರಿಯೂ ಬಂದು ನೋಡಿದರು. ಒಳ್ಳೆಯ ಕೆಲಸಗಾರ, ಒಳ್ಳೆಯ ಮನುಷ್ಯ, ಮಾತು ಅರ್ಧ ತಮಿಳು ಅರ್ಧ ಕನ್ನಡ. ಅಟ್ಟದ ಅಡಿಗೆ ಬೆರಳಿನಿಂದ ಕುಟ್ಟಿ, "ಮುನ್ನಾಡಿ ರೂಮ್ ಕಟ್ ಪಣ್ಣಿಡಲಾಮ್ಮಾ," ಎಂದರು. ಮುಂದಿನ ಕೋಣೆಯನ್ನು ಕತ್ತರಿಸಿ ತೆಗೆದುಬಿಡೋಣ, ಬರೀ ಕಬ್ಬಿಣದ ಕತ್ತು ಉಳಿಸೋಣ, ಭಾರ ಕಮ್ಮಿಯಾದರೆ ಬಿರುಕು ನಿಲ್ಲುತ್ತದೆ ಎಂದು ಅವರ ಲೆಕ್ಕ. "ರೂಮ್ ಇಲ್ದೆ ಇದ್ರೆ ಏನಮ್ಮ, ಅಡುಗೆ ರುಚಿ ಕಮ್ಮಿ ಆಗ್ತದಾ?"

ಅಕ್ಕ ನಗಲಿಲ್ಲ. ಅಂಚೆಟ್ಟಿಯ ಹತ್ತಿರದ ಹಳ್ಳಿಯೊಂದರ ಮದುವೆ ಒಪ್ಪಿಕೊಂಡಾಗಿತ್ತು. ಅದು ಮುಗಿದ ಮೇಲೆ ಗಾಡಿಯನ್ನು ಶೆಡ್ಡಿಗೆ ಬಿಡುವುದು ಎಂದು ಭಾವ ತೀರ್ಮಾನಿಸಿದರು. ಅಟ್ಟ ಒಂದು ದಿನ ರಸ್ತೆಯಲ್ಲಿ ಕಳಚಿಬೀಳುವುದಕ್ಕಿಂತ ಶೆಡ್ಡಿನಲ್ಲೇ ಇಳಿಯುವುದು ಮೇಲು ಎನ್ನುವ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕ ಆ ಸಂಜೆ ಕನ್ನಡಿಯ ಬಲ್ಬುಗಳನ್ನು ಒಂದೊಂದಾಗಿ ಬಿಚ್ಚಿ ಹಳೆಯ ಬಟ್ಟೆಯಲ್ಲಿ ಸುತ್ತಿಡುವುದನ್ನು ಕಂಡೆ. ಕೂಡಲೇ, ಎಂದಿನಂತೆ, ನನ್ನ ಸಂಕಟ ಕೋಪವಾಗಿ ಹೊರಗೆ ಬಂತು.

"ಈಗ್ಲೇ ಯಾಕೆ ಬಿಚ್ತೀಯ? ಇನ್ನೂ ಕಾಯಿಲೆ ಏನು ಅಂತ್ಲೇ ಗೊತ್ತಿಲ್ಲ, ಆಗ್ಲೇ ಕಾಲು ಕತ್ತರ್ಸೋಕೆ ಹೊರಟವ್ರೆ. ಹಾಕು ಬಲ್ಬ್‌ನ!"

"ಬಯ್ಬೇಡ್ವೆ. ಹಾಕ್ತೀನಿ," ಎಂದಳು. ಹಾಕಲಿಲ್ಲ.

ನಾನು ರಜೆ ಹಾಕಿ ಅಂಚೆಟ್ಟಿಗೆ ಅವರ ಜೊತೆಗೇ ಹೊರಟೆ. ತಪ್ಪೆಲ್ಲ ರಸ್ತೆಯದು ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಡೆಂಕಣಿಕೋಟೆ ದಾಟಿದ ಮೇಲೆ ಕಾಡಿನ ತಿರುವುಗಳು, ಊರೂರಿಗೆ ಉಬ್ಬು, ಇಳಿಜಾರು. ಲಾರಿ ಒಂದು ಕಡೆ ವಾಲಿದರೆ ಟ್ರೇಲರ್ ಇನ್ನೊಂದು ಕಡೆ ವಾಲುತ್ತದೆ, ನಡುವೆ ಕತ್ತು ತಿರುಚಿಕೊಳ್ಳುತ್ತದೆ. ಎಲ್ಲಿ, ಯಾವ ಉಬ್ಬಿನಲ್ಲಿ ಸಂದಿ ಬಿಡುತ್ತದೆ ಎಂದು ಗೊತ್ತಾದರೆ ಎಲ್ಲಿ ಬಲ ಕೊಡಬೇಕೆಂದು ತಿಳಿಯುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಒಂದು ಸುಲಭದ ಉಪಾಯ ಇದೆ. ಎರಡು ಭಾಗ ಸೇರುವ ಕಡೆ ಅಡ್ಡಲಾಗಿ ಬಣ್ಣದ ಗೆರೆ ಎಳೆಯುತ್ತೇವೆ. ಭಾಗಗಳು ಅಲುಗಾಡಿದರೆ ಗೆರೆ ಮುರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಹೊರಡುವ ದಿನ ನಸುಕಿನಲ್ಲಿ ನೋಡಿದರೆ ಬಣ್ಣ ತರುವುದು ಮರೆತಿದ್ದೆ. ಅಕ್ಕ ಅಕ್ಕಿ ಹಿಟ್ಟಿಗೆ ಅರಿಸಿನ ಕಲಸಿಕೊಟ್ಟಳು. ಒಣಗಿದರೆ ಹಪ್ಪಳದಂತೆ ಗರಿಗರಿ, ಕೂದಲೆಳೆಯಷ್ಟು ಅಲುಗಿದರೂ ಸಿಡಿಯುತ್ತದೆ. ಬಣ್ಣಕ್ಕಿಂತ ವಾಸಿ. ನಾನು ಕತ್ತಿನ ಎರಡೂ ಕಡೆ ಸಂದಿಗೆ ಅಡ್ಡವಾಗಿ ನಾಲ್ಕು ಗೆರೆ ಎಳೆದು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಅಕ್ಕ ಆ ಗೆರೆಗಳ ನಡುವೆ ಇನ್ನಷ್ಟು ಗೆರೆ ಎಳೆದು, ಬಳ್ಳಿ ಹಬ್ಬಿಸಿ, ಒಂದೊಂದಕ್ಕೂ ಕುಂಕುಮದ ಬೊಟ್ಟು ಇಟ್ಟಿದ್ದಳು.

"ಇದು ತಪಾಸಣೆ ಕಣಕ್ಕ, ಹಬ್ಬ ಅಲ್ಲ."

"ಬರೀ ಗೆರೆ ಎಳೆದು ಬಿಟ್ರೆ ಬೋಳು ಬೋಳು. ಇರ್ಲಿ ಬಿಡೆ. ಮದ್ವೆಗೆ ಹೋಗೋ ಗಾಡಿ."

ದಾರಿಯುದ್ದಕ್ಕೂ ನಾನು ಲಾರಿಯ ಮುಂದಿನ ಸೀಟಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಪ್ರತಿ ದೊಡ್ಡ ಉಬ್ಬು ದಾಟಿದ ಮೇಲೂ "ನಿಲ್ಸಿ ಭಾವ," ಎನ್ನುವುದು, ಇಳಿದು ಓಡಿಹೋಗಿ ಗೆರೆ ನೋಡುವುದು, ವಾಪಸು ಬಂದು ಕೂರುವುದು. ಹಿಂದೆ ಬರುತ್ತಿದ್ದ ಬಸ್ಸಿನವರು ಏನೆಂದುಕೊಂಡರೋ. ಗೆರೆ ಎಲ್ಲೂ ಮುರಿದಿರಲಿಲ್ಲ. ಕಾಡಿನ ಅತಿ ಕೆಟ್ಟ ತಿರುವಿನಲ್ಲಿ, ನನ್ನ ಹಲ್ಲೇ ಕಳಚಿಕೊಂಡಂತೆ ಆದ ಕಡೆಯಲ್ಲೂ, ಅಕ್ಕನ ಬಳ್ಳಿ ಎಲೆ ಸಮೇತ ನೆಟ್ಟಗೆ ಇತ್ತು. ಭಾವ ಬೀಡಿ ಹಚ್ಚಿದರು. ಅವರು ಹಾಗೆ ನಿಶ್ಚಿಂತೆಯಿಂದ ಬೀಡಿ ಸೇದಿದರೆ ನನಗೆ ಇನ್ನೂ ರೇಗುತ್ತದೆ.

ಮದುವೆಯ ಹಳ್ಳಿಯಲ್ಲಿ ಶಾಲೆಯ ಮುಂದಿನ ಮೈದಾನದಲ್ಲಿ ಗಾಡಿ ನಿಲ್ಲಿಸಿದರು. ಮುಂಭಾಗದ ಎರಡು ಕಬ್ಬಿಣದ ಕಾಲು ಇಳಿಸಿ, ಗೂಟ ಬಿಡಿಸಿ, ಭಾವ ಸ್ವಲ್ಪ ಹೊತ್ತಿಗೆ ನೀರಿನ ಡ್ರಮ್ಮು ತರಲು ಲಾರಿಯನ್ನು ತೆಗೆದುಕೊಂಡು ಹೋದರು. ಅಕ್ಕ ಒಲೆ ಹಚ್ಚಿದಳು. ನಾನು ಈರುಳ್ಳಿ ಹೆಚ್ಚಲು ಕೂತೆ. ನನ್ನ ಯೋಚನೆ ತಲೆಕೆಳಗಾಗಿದ್ದಕ್ಕೆ ಬಂದ ಕಣ್ಣೀರು ಈರುಳ್ಳಿಯ ಲೆಕ್ಕಕ್ಕೆ ಹೋಯಿತು. ರಸ್ತೆ ಅಲ್ಲ ಎಂದರೆ ಇನ್ನೇನು? ಮೇಸ್ತ್ರಿ ಹೇಳಿದ ಹಾಗೆ ಅಟ್ಟದ ಭಾರವೇ ಇರಬೇಕು. ಸರಿ, ಕತ್ತರಿಸಲಿ.

ಬೆಳಗಿನ ದೋಸೆ ಅರ್ಧ ಮುಗಿದಿತ್ತು. ಹೆಚ್ಚಿದ ಸಿಪ್ಪೆ ಎಸೆಯಲು ಕೆಳಗಿಳಿದವಳು ಸುಮ್ಮನೆ ಎಡಗಡೆಯ ಕತ್ತಿನ ಮೂಲೆಗೆ ಕಣ್ಣು ಹಾಯಿಸಿದೆ. ಅರಿಸಿನದ ಗೆರೆಗಳು ಮುರಿದಿದ್ದವು. ಒಂದಲ್ಲ, ಆ ಮೂಲೆಯ ಎಲ್ಲವೂ. ಬಳ್ಳಿ ನಡುವೆ ತುಂಡಾಗಿ, ಕುಂಕುಮದ ಬೊಟ್ಟುಗಳು ಎರಡೆರಡು ಹೋಳಾಗಿ, ಸಂದಿ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಉದುರಿದ ಹಳದಿ ಚೂರು ಕೆಳಗೆ ಹುಲ್ಲಿನ ಮೇಲೆ ಬಿದ್ದಿತ್ತು. ಲಾರಿ ಬಿಚ್ಚಿದ ಮೇಲೆ ಗಾಡಿ ಒಂದು ಗೇಣು ಕೂಡ ಕದಲಿರಲಿಲ್ಲ.

ಸಿಪ್ಪೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ. ಅಟ್ಟದ ಬಾಗಿಲನ್ನು ತಳ್ಳಿದೆ. ಚೌಕಟ್ಟಿಗೆ ಕಚ್ಚಿಕೊಂಡು, ಚಿಲಕ ಅದರ ತೂತಿನಿಂದ ಅರ್ಧ ಬೆರಳು ಕೆಳಗೆ ನಿಂತಿತು. ಅಕ್ಕ ದೋಸೆ ಮಗುಚುವ ಸಟ್ಟುಗ ಕೈಯಲ್ಲೇ ಹಿಡಿದು ತಿರುಗಿ ನೋಡಿದಳು.

"ಕಂಡ್ಯಾ? ಈಗ್ಲಾದ್ರೂ ಕಂಡ್ಯಾ? ನಾನ್ ಹೇಳ್ದಾಗ ನಂಬ್ಲಿಲ್ಲ!" ಬಾಗಿಲು ಹಾಳಾಗಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ನೀರು ತಂದ ಭಾವನನ್ನು ಹಿಡಿದು ಕೂರಿಸಿದೆ. "ಭಾವ, ನಾವು ಬಂದಾಗ ಗೆರೆ ಸರಿಯಾಗಿತ್ತು. ಆಮೇಲೆ ಗಾಡಿಗೆ ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಕಣಮ್ಮ."

"ಏನಾದ್ರೂ ಮಾಡಿರ್ತೀರ, ನೆನಸ್ಕೊಳ್ಳಿ."

"ಜಾಕ್ ಹಾಕ್ದೆ ಅಷ್ಟೇ. ಯಾವಾಗ್ಲೂ ಹಾಕೋದೆ. ನೀನು ಆವಾಗ ಈರುಳ್ಳಿ ಮೂಟೆ ಬಿಚ್ತಾ ಇದ್ದೆ."

ಹಿಂಭಾಗಕ್ಕೆ ಹೋಗಿ ನೋಡಿದೆ. ಬಲಗಡೆಯ ಹಿಂದಿನ ಮೂಲೆಯ ಅಡಿಯಲ್ಲಿ ಒಂದು ಜಾಕು, ಅದರ ಕೆಳಗೆ ಎರಡು ಗ್ರಾನೈಟ್ ಚೂರು. ಆ ಒಂದು ಮೂಲೆಯನ್ನು ಮಾತ್ರ ಬಿಗಿಯಾಗಿ ಮೇಲಕ್ಕೆ ಎತ್ತಿದ್ದರು. ಒದ್ದೆ ಬಟ್ಟೆಯ ಒಂದು ತುದಿ ಹಿಡಿದು ಹಿಂಡಿದರೆ ತಿರುಚು ಇನ್ನೊಂದು ತುದಿಯವರೆಗೂ ಹೋಗುತ್ತದಲ್ಲ, ಬಲ ಹಿಂಭಾಗದಲ್ಲಿ ಎತ್ತಿದ್ದು ಎಡ ಮುಂಭಾಗದ ಕತ್ತಿನಲ್ಲಿ ಬಾಯಿ ಬಿಟ್ಟಿತ್ತು. ರಸ್ತೆಯ ಉಬ್ಬು ಒಂದು ಕ್ಷಣ ತಿರುಚಿ ಬಿಡುತ್ತದೆ. ಇವರು ಮದುವೆಯೊಂದಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಚಿಟ್ಟು, ಅದರೊಳಗೆ ಹಂಡೆಗಟ್ಟಲೆ ಸಾರು ಕುದಿಸುತ್ತಿದ್ದರು.

"ಯಾಕೆ ಎತ್ತಿದ್ರಿ ಇಲ್ಲಿ?"

ಉತ್ತರ ಅಕ್ಕನಿಂದ ಬಂತು, ಕಿಟಕಿಯೊಳಗಿಂದ. "ಎಣ್ಣೆ ಓಡೋಗ್ತದೆ ಕಣೆ ಆ ಮೂಲೆಗೆ! ಕಾವ್ಲಿ ಮೇಲೆ ಎಣ್ಣೆ ಹುಯ್ದು ನೋಡ್ತೀವಿ. ನಡುಮಧ್ಯ ನಿಲ್ಲೋತನಕ ಎತ್ತೋದು. ಇಲ್ದೆ ಇದ್ರೆ ದೋಸೆ ಒಂದ್ಕಡೆ ರೊಟ್ಟಿ, ಒಂದ್ಕಡೆ ಹಪ್ಪಳ. ಎಣ್ಣೆ ಸುಳ್ ಹೇಳಲ್ಲ."

"ಹೋದ ಮದುವೇಲಿ ಯಾವ ಮೂಲೆ ಎತ್ತಿದ್ರಿ?"

"ಇದೇ."

"ರಾಯಕೋಟೆ ನಾಮಕರಣದಲ್ಲಿ?"

"ಇದೇ ಕಣಮ್ಮ," ಎಂದರು ಭಾವ. "ಯಾವಾಗ್ಲೂ ಇದೇ ಮೂಲೆ."

ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. "ಭಾವ, ಹೊಸೂರು, ತಳಿ, ರಾಯಕೋಟೆ, ಅಂಚೆಟ್ಟಿ, ಎಲ್ಲ ನೆಲಾನೂ ಇದೇ ಒಂದು ಮೂಲೆಗೆ ಇಳಿಜಾರಾ?"

ಭಾವ ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಬಗ್ಗಿ ಜಾಕಿನ ಕೆಳಗಿನ ನೆಲವನ್ನು ನೋಡಿದರು. ಇಷ್ಟು ಮದುವೆಗಳಲ್ಲಿ ಆ ಪ್ರಶ್ನೆ ಅವರ ತಲೆಗೆ ಬಂದಿರಲಿಲ್ಲ. ಅವರನ್ನು ಅಂದು ಏನು ಪ್ರಯೋಜನ, ಅವರ ಜೊತೆಯಲ್ಲೇ ಇರುವ ನನಗೂ ಬಂದಿರಲಿಲ್ಲ. ಭೂಮಿ ಸೊಟ್ಟ ಇರುತ್ತದೆ, ಜಾಕ್ ಹಾಕಬೇಕು. ಅದು ಉಪ್ಪು ಹಾಕಿದಷ್ಟೇ ಸಹಜ.

ಊಟದ ಪಂಕ್ತಿಗಳು ಮುಗಿಯುವವರೆಗೆ ಕಾದೆವು. ಸಾರಿನ ಹಂಡೆಗಳನ್ನು ಇಳಿಸಿದ ಮೇಲೆ ಭಾವ ಜಾಕನ್ನು ಮೆಲ್ಲಗೆ ಬಿಟ್ಟರು. ನಾನು ಕತ್ತಿನ ಮೂಲೆಯಲ್ಲಿ ಕೂತು ನೋಡಿದೆ. ಬಾಯಿ ಬಿಟ್ಟಿದ್ದ ಸಂದಿ ನಿದ್ದೆಗಣ್ಣು ಮುಚ್ಚಿದಂತೆ ಮುಚ್ಚಿಕೊಂಡಿತು, ಹೋಳಾದ ಕುಂಕುಮದ ಬೊಟ್ಟುಗಳು ಮತ್ತೆ ಒಂದಾದವು. ಒಳಗಿಂದ ಅಕ್ಕ ಕೂಗಿದಳು, "ಬಾಗ್ಲು ಮುಚ್ಕೊತು!" ಮತ್ತೆ ಎತ್ತಿಸಿದೆ. "ಕಚ್ಕೊತು!" ಇಳಿಸಿದೆ. "ಮುಚ್ಕೊತು!" ಎರಡು ಸಲಕ್ಕೆ ನನಗೆ ಸಾಕಾಗಿತ್ತು. ಅಕ್ಕನಿಗೆ ಸಾಕಾಗಲಿಲ್ಲ, ಭಾವನಿಂದ ಮತ್ತೊಂದು ಸಲ ಮಾಡಿಸಿದಳು.

ಜಾಕ್ ಇಳಿಸಿಯೇ ಇಟ್ಟು, ಕಾವಲಿಯ ಪಕ್ಕ ಅಡುಗೆಮನೆಯ ನೆಲದ ಮೇಲೆ ಅಗಲವಾದ ಪರಾತ ಇಟ್ಟು ಅಂಚಿನವರೆಗೆ ನೀರು ತುಂಬಿಸಿದೆ. ನೀರು ಸುತ್ತಲೂ ಒಂದೇ ಸಮ ನಿಂತಿತು. ಮೈದಾನ ಸಮತಟ್ಟಾಗಿತ್ತು, ಗಾಡಿಯೂ ಸಮವಾಗಿ ನಿಂತಿತ್ತು. ಅಕ್ಕ ಮೇಲೆ ಕಾವಲಿಗೆ ಒಂದು ಸೌಟು ಎಣ್ಣೆ ಹುಯ್ದಳು. ಎಣ್ಣೆ ಯಾರ ಮಾತೂ ಕೇಳದೆ ಬಲ ಹಿಂಭಾಗದ ಮೂಲೆಗೆ ಓಡಿತು.

ಅಕ್ಕ ಎಣ್ಣೆಯನ್ನು ನೋಡಿದಳು, ನೀರನ್ನು ನೋಡಿದಳು. "ಅಯ್ಯೋ ನನ್ನ ಕಾವ್ಲೀನೇ ಸೊಟ್ಟಾ?" ಎಂದಳು. ಮಗಳು ಫೇಲಾದಳು ಎಂದು ಕೇಳಿದವಳ ಮುಖವಾಗಿತ್ತು ಅವಳದು. ಆ ಕಾವಲಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ. ಅದನ್ನು ಸಮ ಮಾಡಲು ಒಂದು ಇಡೀ ಗಾಡಿಯನ್ನು ತಿರುಚುತ್ತಿದ್ದೆವು, ಕಾವಲಿಯ ಕಾಲಿನ ಅಡಿ ಒಂದು ತಗಡಿನ ಚೂರು ಇಡುವ ಬದಲು.

ಕಾವಲಿ ಯಾಕೆ ಸೊಟ್ಟಗಿತ್ತು ಎನ್ನುವುದು ಮಾತ್ರ ಹೊಸೂರಿಗೆ ವಾಪಸು ಬಂದ ಮೇಲೆ ಗೊತ್ತಾಯಿತು. ಶೆಡ್ಡಿನ ಅಂಗಳಕ್ಕೆ ಗಾಡಿಯನ್ನು, ಕಾವಲಿ ಕೂರಿಸಿದಾಗ ನಿಂತಿದ್ದ ಹಾಗೆಯೇ, ಹಿಂದುಹಿಂದಾಗಿ ಒಳಬಿಡುತ್ತಿದ್ದಂತೆ ಡ್ರಮ್ಮಿನಲ್ಲಿ ಉಳಿದಿದ್ದ ನೀರು ಹೊರಚೆಲ್ಲಿ, ಅಂಗಳದ ಮೇಲೆ ಹರಿದು ರಸ್ತೆ ಬದಿಯ ಚರಂಡಿಗೆ ಬಿತ್ತು. ಗಾಡಿಯ ಮೂತಿ ಇರುವ ಕಡೆಗೆ, ಎಡಕ್ಕೆ, ಅಂದರೆ ಎಣ್ಣೆ ಓಡುವ ಮೂಲೆಗೆ ಸರಿಯಾಗಿ ಎದುರು ಮೂಲೆಯತ್ತ. ಮೇಸ್ತ್ರಿಯೂ ನಾನೂ ಒಟ್ಟಿಗೇ ಆ ನೀರನ್ನು ನೋಡಿದೆವು. ಅವರು ಕಾವಲಿಯನ್ನು ಕೂರಿಸುವಾಗ ರಸಮಟ್ಟ ಇಟ್ಟು, ಗುಳ್ಳೆ ಸರಿಯಾಗಿ ನಡುವೆ ನಿಲ್ಲುವವರೆಗೆ ನೋಡಿ, ಕಾಲುಗಳನ್ನು ಬೆಸೆದಿದ್ದರು. ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಗಾಡಿ ನಿಂತಿದ್ದ ಅಂಗಳವೇ ಚರಂಡಿಯ ಕಡೆಗೆ ಇಳಿಜಾರಾಗಿತ್ತು. ಆ ಅಂಗಳದಲ್ಲಿ ನಿಂತಿರುವವರೆಗೆ ಕಾವಲಿ ಸಮ. ಆಚೆಗೆ ಹೋದರೆ ಸೊಟ್ಟ.

"ಅಯ್ಯೋ ಕಡವುಳೇ!" ಎಂದು ಮೇಸ್ತ್ರಿ ದೇವರನ್ನು ಕರೆದು ತಲೆಯ ಮೇಲೆ ಕೈ ಹೊತ್ತರು, ಆಮೇಲೆ ನಗಲು ಶುರು ಮಾಡಿದರು. "ಈ ಅಂಗಳದಲ್ಲಿ ಎಷ್ಟು ಗಾಡಿ ಮಾಡಿದೀನಮ್ಮ! ಎಲ್ಲೆಲ್ಲಿ ಏನೇನು ಓಡ್ತಾ ಐತೋ!"

ಅಟ್ಟ ಕತ್ತರಿಸುವ ಮಾತು ಅಲ್ಲಿಗೇ ನಿಂತಿತು. ಅವರು ಕಾವಲಿಯ ಕಾಲು ಕತ್ತರಿಸಿ, ಈ ಸಲ ಗಾಡಿಯ ನೆಲದಿಂದ ಅಳತೆ ಹಿಡಿದು ಬೆಸೆದರು. ಕತ್ತಿನ ತಗಡು ಬಿಚ್ಚಿ, ಬಿರುಕುಬಿಟ್ಟ ಪಟ್ಟಿಯನ್ನು ತೆಗೆದು ಹೊಸದು ಹಾಕಿ, ತೇಯ್ದ ರಿವೆಟ್ಟುಗಳ ಬದಲು ಬೋಲ್ಟ್ ಕೂರಿಸಿದರು. ನಾನು ಪ್ರತಿ ಬೆಸುಗೆಯನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿದೆ. ಮೇಸ್ತ್ರಿ ಬೇಜಾರು ಮಾಡಿಕೊಳ್ಳದೆ ಟಾರ್ಚನ್ನು ಹಿಡಿದುಕೊಂಡರು. ನೆಲ ನಿಜವಾಗಿಯೂ ಇಳಿಜಾರಾಗಿದ್ದರೆ ಒಂದೇ ಮೂಲೆಗೆ ಜಾಕ್ ಕೊಡಬಾರದು, ತಗ್ಗಿನ ಕಡೆಯ ಚಕ್ರದ ಅಡಿಗೆ ಹಲಗೆ ಹಾಕಿ ಗಾಡಿಯನ್ನೇ ಹತ್ತಿಸಬೇಕು ಎಂದು ಭಾವನಿಗೆ ಹೇಳಿದೆ. ಭಾವ ಆ ಹಳೆಯ ಜಾಕನ್ನು ಪಂಕ್ಚರಿಗೆ ಮಾತ್ರ ಎಂದು ಸೀಟಿನ ಹಿಂದೆ ತುರುಕಿದರು.

ಆಮೇಲಿನ ಮದುವೆ ತಳಿಯಲ್ಲಿ. ರಜೆ ಇಲ್ಲದಿದ್ದರೂ ಕಾರ್ಖಾನೆಯಲ್ಲಿ ಜಗಳವಾಡಿ ಹೋದೆ. ತಂಪು ಗಾಳಿ, ಛತ್ರದ ಹಿಂದೆ ಕೋಸಿನ ತೋಟ. ಅಕ್ಕ ಕತ್ತಿನ ಸಂದಿಗೆ ಮತ್ತೆ ಅರಿಸಿನದ ಬಳ್ಳಿ ಬರೆದಿದ್ದಳು. ಬೇಡವೆಂದರೂ ಈಗ ಪ್ರತಿ ಸಲ ಬರೆಯುತ್ತಾಳೆ, ನನ್ನ ತಪಾಸಣೆ ಅವಳ ಪದ್ಧತಿಯಾಗಿಬಿಟ್ಟಿದೆ. ಕಾವಲಿಗೆ ಎಣ್ಣೆ ಹುಯ್ದಳು. ನಾವು ಮೂವರೂ ಬಗ್ಗಿ ನೋಡಿದೆವು. ಎಣ್ಣೆ ನಡುವೆ ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದವರಂತೆ ಸುತ್ತ ಸ್ವಲ್ಪ ಸ್ವಲ್ಪ ಹರಡಿತು. ಭಾವನ ಕೈ ಅಭ್ಯಾಸಬಲದಿಂದ ಜಾಕಿಗಾಗಿ ತಡಕಾಡಿ ಖಾಲಿ ವಾಪಸು ಬಂತು.

ಮಧ್ಯಾಹ್ನ ಕೊನೆಯ ಪಂಕ್ತಿ ಎದ್ದಿತು. ಬಳ್ಳಿಯನ್ನು ನೋಡಿದೆ, ಎಲೆ ಸಮೇತ ನೆಟ್ಟಗಿತ್ತು. ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಲ್ಬುಗಳ ಗಂಟನ್ನು ಎತ್ತಿಕೊಂಡು ಮೂರು ಮೆಟ್ಟಿಲು ಹತ್ತಿದಳು. ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲ ಅಡಿಯ ಸಂದಿಯಲ್ಲಿ ಬೆಳಕು ಒಂದೊಂದು ಬಲ್ಬಿಗೂ ಒಂದಿಷ್ಟು ಹೆಚ್ಚುತ್ತಾ ಬಂತು. ನಾನು ತೊಳೆದಿಟ್ಟಿದ್ದ ಸೌಟನ್ನೇ ಎತ್ತಿಕೊಂಡು ಮತ್ತೆ ತೊಳೆದೆ. ಸಂತೋಷವಾದಾಗ ಬಯ್ಯಲು ಯಾರೂ ಸಿಗದಿದ್ದರೆ ನಾನು ಹೀಗೇ ಏನಾದರೂ ಮಾಡುತ್ತೇನೆ.

ಅಷ್ಟರಲ್ಲಿ ಮದುವೆ ಮನೆಯ ಹೆಂಗಸೊಬ್ಬರು ಖಾಲಿ ಬಕೆಟ್ ಹಿಡಿದು ಬಂದರು. "ಅಡುಗೆ ಅಮ್ಮ ಎಲ್ಲವ್ರೆ? ನೆಂಟ್ರು ಇನ್ನೊಂದು ಗುಂಪು ಬಂದವ್ರೆ, ಒಸಿ ಮಜ್ಜಿಗೆ ಬೇಕಿತ್ತು."

ಬಕೆಟ್ಟನ್ನು ಅವರ ಕೈಯಿಂದ ತೆಗೆದುಕೊಂಡೆ.

"ಮಜ್ಜಿಗೆ ನಾನು ಕೊಡ್ತೀನಿ ಬನ್ನಿ. ಅಕ್ಕ ಅವಳ ರೂಮ್‌ನಲ್ಲವಳೆ."